ನಿದ್ದೆಯಲ್ಲೇ ಬರುವ ಮೂರ್ಛೆ, ಎಂಆರ್‌ಐನಲ್ಲಿ ಎಫ್‌ಸಿಡಿ (ಮಿದುಳಿನ ತೊಗಟೆಯ ಹುಟ್ಟು ದೋಷ): ಶಸ್ತ್ರಚಿಕಿತ್ಸೆಗೆ ಕಳಿಸುವಾಗ ಏನೇನು ನೋಡಬೇಕು?

ಮಕ್ಕಳ ವೈದ್ಯ, ಹಾಸನ

ಎಲ್ಲರಿಗೂ ನಮಸ್ಕಾರ. 7 ವರ್ಷದ ಹುಡುಗ, ತೂಕ 22 ಕೆಜಿ, ಬಲಗೈಯವನು. ಹೆರಿಗೆ, ಬೆಳವಣಿಗೆ ಎಲ್ಲ ಸರಿಯಿದೆ. ನಾಲ್ಕನೇ ವರ್ಷದಿಂದ ಮೂರ್ಛೆ. ಬರೋದೆಲ್ಲ ನಿದ್ದೆಯಲ್ಲೇ: ಬಲಗೈ ಬಿಗಿದು ಮೇಲೇಳುತ್ತೆ, ತಲೆ ಬಲಕ್ಕೆ ತಿರುಗುತ್ತೆ, 15–20 ಸೆಕೆಂಡಿಗೆ ಮುಗಿಯುತ್ತೆ. ರಾತ್ರಿಗೆ ಐದಾರು ಸಲ. ಮೊದಲು ವಾಲ್‌ಪ್ರೊಯೇಟ್, ಆಮೇಲೆ ಆಕ್ಸ್‌ಕಾರ್ಬಜೆಪಿನ್ ದಿನಕ್ಕೆ 900 ಮಿ.ಗ್ರಾಂ ತನಕ, ಅದರ ಮೇಲೆ ಲೆವೆಟಿರಾಸಿಟಮ್ 1000 ಮಿ.ಗ್ರಾಂ, ರಾತ್ರಿ ಕ್ಲೋಬಜಾಮ್ 10 ಮಿ.ಗ್ರಾಂ. ಈಗ ನಾಲ್ಕೂ ನಡೀತಿವೆ, ಮೂರ್ಛೆ ಮಾತ್ರ ನಿಂತಿಲ್ಲ.

ಎರಡು ವರ್ಷದ ಹಿಂದಿನ 1.5 ಟೆಸ್ಲಾ ಎಂಆರ್‌ಐ ‘ನಾರ್ಮಲ್’ ಎಂದಿತ್ತು. ಹೋದ ತಿಂಗಳ 3 ಟೆಸ್ಲಾ ವರದಿಯಲ್ಲಿ ‘ಎಡ ಸುಪೀರಿಯರ್ ಫ್ರಾಂಟಲ್ ಸಲ್ಕಸ್‌ನ (ಮಿದುಳಿನ ಮುಂಭಾಗದ ಮೇಲಿನ ತೋಡಿನ) ಹಿಂತುದಿಯಲ್ಲಿ ತೊಗಟೆ ದಪ್ಪ, ಬೂದು-ಬಿಳಿ ಗಡಿ ಮಸುಕು, ಫೋಕಲ್ ಕಾರ್ಟಿಕಲ್ ಡಿಸ್‌ಪ್ಲೇಸಿಯಾ (ಎಫ್‌ಸಿಡಿ) ಶಂಕೆ’ ಎಂದಿದೆ.

ನನಗೆ ತಿಳಿಯಬೇಕಾದದ್ದು ಇಷ್ಟು. ಇನ್ನೊಂದು ಔಷಧಿ ನೋಡಿ ಕಳಿಸಲಾ, ಈಗಲೇ ಕಳಿಸಲಾ? ಫೈಲಿನಲ್ಲಿ ಏನೇನು ಇರಬೇಕು? ಈ ಜಾಗ ತೆಗೆದರೆ ಬಲಗೈ ಉಳಿಯುತ್ತಾ? ವಾಲ್‌ಪ್ರೊಯೇಟ್ ಮೊದಲೇ ನಿಲ್ಲಿಸಬೇಕಾ? ತಲೆ ತೆರೆದರೆ ಮಗು ಮಂಕಾಗುತ್ತೆ ಅನ್ನೋ ಭಯ ಮನೆಯವರಿಗಿದೆ. ಅವರಿಗೆ ಎಷ್ಟರ ಮಟ್ಟಿಗೆ ಭರವಸೆ ಕೊಡಬಹುದು?

ಮೂರ್ಛೆ ತಜ್ಞೆ, ವಿಡಿಯೋ ಇಇಜಿ ವಿಭಾಗ

ಈಗಲೇ ಕಳಿಸಿ ಸರ್. ಐದನೇ ಔಷಧಿ ಬೇಡ.

ಅಂತಾರಾಷ್ಟ್ರೀಯ ಮೂರ್ಛೆರೋಗ ಒಕ್ಕೂಟ 2010ರಲ್ಲಿ ಕೊಟ್ಟ ವ್ಯಾಖ್ಯೆ ಇದು: ಆ ಬಗೆಯ ಮೂರ್ಛೆಗೆ ಒಪ್ಪುವ ಎರಡು ಔಷಧಿಗಳನ್ನು, ಮಗು ತಾಳಿಕೊಳ್ಳುವ ಸರಿಯಾದ ಪ್ರಮಾಣದಲ್ಲಿ, ಒಂದೊಂದಾಗಿಯೋ ಕೂಡಿಸಿಯೋ ಕೊಟ್ಟರೂ ನಿಲ್ಲದಿದ್ದರೆ ಅದು ಔಷಧಿಗೆ ಬಗ್ಗದ ಮೂರ್ಛೆ. ಆಕ್ಸ್‌ಕಾರ್ಬಜೆಪಿನ್ ಕೆಜಿಗೆ 40 ಮಿ.ಗ್ರಾಂ, ಲೆವೆಟಿರಾಸಿಟಮ್ ಕೆಜಿಗೆ 45 ಮಿ.ಗ್ರಾಂ ಆಗಿದೆ. ಎರಡೂ ಸಾಕಷ್ಟು ಪ್ರಮಾಣವೇ. ಗ್ಲಾಸ್ಗೋದಿಂದ 2000ದಲ್ಲಿ ಬಂದ ಹೆಸರಾಂತ ಅಧ್ಯಯನದಲ್ಲಿ, ಹೊಸದಾಗಿ ಚಿಕಿತ್ಸೆ ಶುರುವಾದವರಲ್ಲಿ ಮೊದಲ ಔಷಧಿಗೆ ಶೇ 47 ಮಂದಿಗೆ ಮೂರ್ಛೆ ನಿಂತಿತು, ಎರಡನೆಯದಕ್ಕೆ ಇನ್ನು ಶೇ 13. ಅದರಾಚೆ ಮೂರನೆಯದೋ ಎರಡು ಕೂಡಿಸಿದ್ದೋ ಫಲ ಕೊಟ್ಟದ್ದು ಸುಮಾರು ಶೇ 4ರಷ್ಟು ಮಂದಿಗೆ ಮಾತ್ರ. ಎಂಆರ್‌ಐನಲ್ಲಿ ಡಿಸ್‌ಪ್ಲೇಸಿಯಾ ಕಂಡಿರುವ ಮಗುವಿಗೆ ಆ ನಾಲ್ಕರ ಆಸೆಯಲ್ಲಿ ಇನ್ನೆರಡು ವರ್ಷ ಕಳೆಯೋದು ತಪ್ಪು. ಎರಡು ಔಷಧಿ ಸೋತದ್ದು ಖಚಿತವಾದ ಕೂಡಲೇ ಶಸ್ತ್ರಚಿಕಿತ್ಸಾ ಕೇಂದ್ರಕ್ಕೆ ಕಳಿಸಬೇಕು ಅಂತ ಅದೇ ಒಕ್ಕೂಟದ ತಜ್ಞರು 2022ರಲ್ಲಿ ಮತ್ತೆ ಒತ್ತಿ ಹೇಳಿದ್ದಾರೆ. ಕಳಿಸಿದ ಮಾತ್ರಕ್ಕೆ ಆಪರೇಷನ್ ಆಗಿಯೇ ಬಿಡುತ್ತೆ ಅಂತಲ್ಲ, ಇದನ್ನು ಮನೆಯವರಿಗೆ ಬಿಡಿಸಿ ಹೇಳಿ.

ಇನ್ನು ಫೈಲು. ಎಲ್ಲಕ್ಕಿಂತ ಬೆಲೆಯುಳ್ಳದ್ದು ಮನೆಯಲ್ಲಿ ತೆಗೆದ ಮೊಬೈಲ್ ವಿಡಿಯೋ. ಕೈಗೆ ಬೀಗದ ಕೈ ಹಿಡಿಸೋದು, ಈರುಳ್ಳಿ ಮೂಸಿಸೋದು ಬಿಟ್ಟು ಒಬ್ಬರು ಮಗುವನ್ನು ನೋಡಿಕೊಳ್ಳಲಿ, ಇನ್ನೊಬ್ಬರು ಫೋನ್ ಹಿಡಿಯಲಿ. ಲೈಟ್ ಹಾಕಬೇಕು, ಹೊದಿಕೆ ಪೂರ್ತಿ ಸರಿಸಬೇಕು, ಮುಖ ಮತ್ತು ಎರಡೂ ಕೈ ಒಟ್ಟಿಗೆ ಕಾಣಬೇಕು. ಹೆಸರು ಹಿಡಿದು ಕರೆಯಲಿ, ಒಂದು ಪದ ಹೇಳಿ ನೆನಪಿಟ್ಟುಕೋ ಅನ್ನಲಿ. ನಿಂತ ಮೇಲೂ ಎರಡು ನಿಮಿಷ ರೆಕಾರ್ಡ್ ಮಾಡಲಿ: ಯಾವ ಕೈ ಸೋತಿದೆ, ಮಾತು ತಕ್ಷಣ ಬರುತ್ತಾ, ಹೇಳಿದ ಪದ ನೆನಪಿದೆಯಾ ಅನ್ನೋದು ಆ ಎರಡು ನಿಮಿಷದಲ್ಲೇ ಗೊತ್ತಾಗೋದು.

ಜೊತೆಗೆ ಪ್ರತಿ ಔಷಧಿಯ ಗರಿಷ್ಠ ಪ್ರಮಾಣ, ಎಷ್ಟು ತಿಂಗಳು ಕೊಟ್ಟಿದ್ದು, ಯಾಕೆ ಬದಲಿಸಿದ್ದು ಅಂತ ಒಂದೇ ಹಾಳೆಯಲ್ಲಿ ಬರೆಯಿರಿ. ‘ಕೊಟ್ಟೆ, ಕೇಳಲಿಲ್ಲ’ ಅಂದರೆ ನಮಗೆ ಉಪಯೋಗವಿಲ್ಲ. ಕೆಜಿಗೆ 10 ಮಿ.ಗ್ರಾಂ ಕೊಟ್ಟು ಸೋತಿದ್ದು ಸೋಲಿನ ಲೆಕ್ಕಕ್ಕೆ ಬರೋದಿಲ್ಲ. ಎಂಆರ್‌ಐ ಫಿಲ್ಮ್ ಬೇಡ, ಡೈಕಾಮ್ (ಸ್ಕ್ಯಾನಿನ ಮೂಲ ಡಿಜಿಟಲ್) ಫೈಲುಗಳಿರುವ ಸಿಡಿ ಅಥವಾ ಪೆನ್‌ಡ್ರೈವ್ ಬೇಕು.

ನಮ್ಮಲ್ಲಿ ಬಂದ ಮೇಲೆ ನಡೆಯೋದು: ನಾಲ್ಕೈದು ದಿನ ವಿಡಿಯೋ ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ, ಜೊತೆಗೆ ವಿಡಿಯೋ), ಔಷಧಿ ಮೆಲ್ಲಗೆ ಇಳಿಸಿ. ಈ ಮಗುವಿಗೆ ರಾತ್ರಿಗೆ ಐದು ಸಲ ಬರೋದರಿಂದ ಬಹುಶಃ ಇಳಿಸೋದೇ ಬೇಡ. ಕ್ಲೋಬಜಾಮ್ ಅಂತೂ ಥಟ್ಟನೆ ನಿಲ್ಲಿಸೋ ಹಾಗಿಲ್ಲ, ಅದನ್ನು ಬಿಡಿಸಿದ್ದಕ್ಕೇ ಬೇರೆ ಥರದ ಮೂರ್ಛೆ ಬಂದು ನಮ್ಮ ದಾರಿ ತಪ್ಪಿಸುತ್ತೆ. ನೆತ್ತಿಯ ಇಇಜಿಯಲ್ಲಿ ಏನೂ ಕಾಣದಿದ್ದರೆ ಗಾಬರಿ ಬೇಡ. ಸಲ್ಕಸ್‌ನ ತಳದಲ್ಲಿ ಕೂತ ಸಣ್ಣ ಡಿಸ್‌ಪ್ಲೇಸಿಯಾದ ಅಲೆ ಚರ್ಮದ ತನಕ ಬರೋದೇ ಕಷ್ಟ, ಮೇಲೆ ಕೈ ಬಿಗಿದಾಗಿನ ಸ್ನಾಯುಗಳ ಗದ್ದಲ ಬೇರೆ. ಒಂದೇ ಜಾಗದಲ್ಲಿ ತಾಳ ಹಾಕಿದ ಹಾಗೆ ಬಿಡದೆ ಬರುವ ಸ್ಪೈಕ್‌ಗಳು (ಚೂಪು ಅಲೆಗಳು), ಅದೂ ನಿದ್ದೆಯಲ್ಲಿ ಹೆಚ್ಚಾಗೋದು, ಕಂಡರೆ ಅದು ಎರಡನೇ ಬಗೆಯ (ಕೋಶಗಳೇ ವಿಕಾರವಾಗಿರುವ) ಡಿಸ್‌ಪ್ಲೇಸಿಯಾಕ್ಕೆ ತುಂಬ ಹತ್ತಿರದ ಗುರುತು.

ಸ್ಪೆಕ್ಟ್ (ಮೂರ್ಛೆಯ ಹೊತ್ತಲ್ಲಿ ಮಿದುಳಿನ ಯಾವ ಜಾಗಕ್ಕೆ ರಕ್ತ ಹೆಚ್ಚು ಹರಿಯಿತು ಅಂತ ತೋರಿಸುವ) ಪರೀಕ್ಷೆಯ ಬಗ್ಗೆ ಒಂದು ಎಚ್ಚರಿಕೆ. ಮೂರ್ಛೆ ಶುರುವಾದ ಕೂಡಲೇ ರಕ್ತನಾಳಕ್ಕೆ ಕೊಟ್ಟ ಟ್ರೇಸರ್ ಮಿದುಳು ಮುಟ್ಟೋಕೆ ಅರ್ಧ ನಿಮಿಷ ಹಿಡಿಯುತ್ತೆ. ಈ ಹುಡುಗನ ಮೂರ್ಛೆ 20 ಸೆಕೆಂಡಿಗೇ ಮುಗಿಯೋದರಿಂದ ಅಲ್ಲಿ ಹೊಳೆಯೋದು ಶುರುವಾದ ಜಾಗ ಅಲ್ಲ, ಹಬ್ಬಿದ ಜಾಗ. ಇವನಿಗೆ ಎಫ್‌ಡಿಜಿ ಪೆಟ್ (ಮಿದುಳು ಎಲ್ಲೆಲ್ಲಿ ಎಷ್ಟು ಸಕ್ಕರೆ ಬಳಸುತ್ತೆ ಅಂತ ತೋರಿಸುವ ಸ್ಕ್ಯಾನ್) ಹೆಚ್ಚು ಸಹಾಯ. ಅದರಲ್ಲೂ ಚುಚ್ಚಿದ ಮೇಲಿನ ಅರ್ಧ ಗಂಟೆ ಇಇಜಿ ಓಡುತ್ತಿರಬೇಕು. ಆ ಹೊತ್ತಲ್ಲಿ ಮೂರ್ಛೆ ಬಂದರೆ ಮಂಕಾಗಿ ಕಾಣಬೇಕಾದ ಜಾಗ ಉರಿಯುವ ಹಾಗೆ ಕಂಡು ಓದು ತಲೆಕೆಳಗಾಗುತ್ತೆ.

ನ್ಯೂರೋ ರೇಡಿಯಾಲಜಿ, ಮಂಗಳೂರು

ಹಿಂದಿನ ಎಂಆರ್‌ಐ ‘ನಾರ್ಮಲ್’ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ತಲೆನೋವಿಗೂ ಮೂರ್ಛೆಗೂ ಒಂದೇ ಸ್ಕ್ಯಾನ್ ಮಾಡೋದು ನಮ್ಮ ಊರುಗಳ ದೊಡ್ಡ ತೊಂದರೆ. 5 ಮಿ.ಮೀ ದಪ್ಪದ ಸ್ಲೈಸ್, ನಡುವೆ ಒಂದೂವರೆ ಮಿ.ಮೀ ಖಾಲಿ. ತಳದ ಡಿಸ್‌ಪ್ಲೇಸಿಯಾ ಕೆಲವೊಮ್ಮೆ ಒಂದು ಸೆಂ.ಮೀಗಿಂತ ಚಿಕ್ಕದಿರುತ್ತೆ, ಎರಡು ಸ್ಲೈಸ್‌ಗಳ ಸಂದಿನಲ್ಲಿ ಹೊರಟೇ ಹೋಗುತ್ತೆ.

ಮೂರ್ಛೆಗೆಂದು ಬರೆಯುವಾಗ ಚೀಟಿಯಲ್ಲಿ ಹೀಗೆ ಕೇಳಿ: 1 ಮಿ.ಮೀ ಘನದ 3ಡಿ ಟಿ1, ನಡುವೆ ಅಂತರ ಇಲ್ಲದೆ, 1 ಮಿ.ಮೀ ಘನದ 3ಡಿ ಫ್ಲೇರ್. ಹಿಪ್ಪೊಕ್ಯಾಂಪಸ್‌ನ ಉದ್ದಕ್ಕೆ ಅಡ್ಡಲಾಗಿ 2 ಮಿ.ಮೀ ದಪ್ಪದ ಕೊರೋನಲ್ ಟಿ2. ಎಂಆರ್‌ಐ ಚಿತ್ರದ ಈ ಮೂರು ಬಗೆ ಇದ್ದರೆ ಮುಕ್ಕಾಲು ಕೆಲಸ ಆದಂತೆ. 7 ವರ್ಷದ ಮಗು ಅಲುಗಾಡದೆ ಮಲಗೋದು ಕಷ್ಟ, ಅಲುಗಿದ ಚಿತ್ರದಲ್ಲಿ ಎಲ್ಲ ಗಡಿಯೂ ಮಸುಕಾಗಿ ಎಲ್ಲ ಕಡೆ ಡಿಸ್‌ಪ್ಲೇಸಿಯಾ ಇದ್ದ ಹಾಗೆ ಕಾಣುತ್ತೆ. ಹಾಗಾಗಿ ಮಂಪರು ಕೊಟ್ಟೇ ಮಾಡಿಸಿ. ಚೀಟಿಯ ಮೇಲೆ ‘ಮೂರ್ಛೆ’ ಅಂತಷ್ಟೇ ಬರೆಯಬೇಡಿ. ‘ಬಲಗೈ ಬಿಗಿತ, ಎಡ ಮುಂಭಾಗದ ಮೇಲೆ ಶಂಕೆ’ ಅಂತ ಬರೆದರೆ ಓದುವವರ ಕಣ್ಣು ಆ ಸಲ್ಕಸ್‌ನ ತಳಕ್ಕೇ ಇಳಿಯುತ್ತೆ.

ಫ್ಲೇರ್‌ನಲ್ಲಿ ಸಲ್ಕಸ್ ತಳದಿಂದ ವೆಂಟ್ರಿಕಲ್ (ಮಿದುಳಿನೊಳಗಿನ ದ್ರವದ ಕೋಣೆ) ಕಡೆಗೆ ಆಲಿಕೆಯಂತೆ ಸಣ್ಣಗಾಗುತ್ತಾ ಹೋಗುವ ಬಿಳಿ ಬಾಲ ಇದೆಯಾ ನೋಡಿಸಿ. ಟ್ರಾನ್ಸ್‌ಮ್ಯಾಂಟಲ್ ಗುರುತು ಅಂತೀವಿ. ಅದು ಇದ್ದರೆ ಊದಿದ ‘ಬಲೂನ್’ ಕೋಶಗಳಿರುವ 2ಬಿ ಬಗೆಯ ಸಂಭವ ಹೆಚ್ಚು, 1971ರಲ್ಲಿ ಲಂಡನ್ನಿನಲ್ಲಿ ಟೇಲರ್ ಮತ್ತು ಜೊತೆಗಾರರು ಮೊದಲು ವಿವರಿಸಿದ ಕಾಯಿಲೆ ಅದೇ. 2ಎ ಬಗೆಯಲ್ಲಿ ಆ ಬಾಲ ಸಾಮಾನ್ಯವಾಗಿ ಇರೋದಿಲ್ಲ. ಒಂದನೇ ಬಗೆ ಎಷ್ಟೋ ಸಲ ಎಂಆರ್‌ಐಗೆ ಕಾಣೋದೇ ಇಲ್ಲ, ಹೆಚ್ಚೆಂದರೆ ಆ ಭಾಗದ ಬಿಳಿ ದ್ರವ್ಯ ಸ್ವಲ್ಪ ಸೊರಗಿರುತ್ತೆ.

ಎರಡು ಬಲೆಗಳಿವೆ. ಒಂದು, ಹಾಲು ಕುಡಿಯುವ ಮಕ್ಕಳದ್ದು. 6 ತಿಂಗಳೊಳಗೆ ಕಂಡ ಡಿಸ್‌ಪ್ಲೇಸಿಯಾ, ಸುತ್ತಲಿನ ಬಿಳಿ ದ್ರವ್ಯ ಬಲಿಯುವ ಹೊತ್ತಿಗೆ, ಒಂದು ಒಂದೂವರೆ ವರ್ಷಕ್ಕೆ, ಮಾಯವಾದಂತೆ ಕಾಣಬಹುದು. ಆಮೇಲೆ ಎರಡೂವರೆ ವರ್ಷದ ಸುಮಾರಿಗೆ ಮತ್ತೆ ಕಾಣಿಸಿಕೊಳ್ಳುತ್ತೆ. ಹಾಗಾಗಿ ಹಳೆ ಸ್ಕ್ಯಾನ್ ಎಸೆಯಬೇಡಿ, ನಡುವಿನ ಒಂದು ‘ನಾರ್ಮಲ್’ ನಂಬಿ ಕೂರಬೇಡಿ. ಇನ್ನೊಂದು ನಮ್ಮ ದೇಶದ್ದೇ. ಸುಣ್ಣಗಟ್ಟಿದ ಸಿಸ್ಟಿಸರ್ಕಸ್ (ಲಾಡಿಹುಳುವಿನ ಮರಿ) ಚುಕ್ಕಿ ಒಂದು ಕಂಡರೆ ಸಾಕು, ಹುಡುಕಾಟ ಅಲ್ಲಿಗೇ ನಿಂತುಬಿಡುತ್ತೆ. ಚುಕ್ಕಿ ಬಲಗಡೆ ಇದ್ದು ಬಿಗಿಯುವ ಕೈಯೂ ಬಲಗೈಯೇ ಆದರೆ, ಬಲಗೈಯನ್ನು ನಡೆಸೋದು ಎಡ ಮಿದುಳಾದ್ದರಿಂದ, ಆ ಚುಕ್ಕಿ ಅಪರಾಧಿಯಲ್ಲ, ಎಡಗಡೆ ಇನ್ನೊಮ್ಮೆ ನೋಡಬೇಕು.

ಆ ಹುಡುಗನ ವಿಷಯದಲ್ಲಿ ವರದಿಯ ಒಂದು ಪದ ಮುಖ್ಯ: ‘ಹಿಂತುದಿ’. ಸುಪೀರಿಯರ್ ಫ್ರಾಂಟಲ್ ಸಲ್ಕಸ್ ಹಿಂದೆ ಹೋಗಿ ಮುಟ್ಟೋದು ಪ್ರಿಸೆಂಟ್ರಲ್ ಸಲ್ಕಸ್ಸನ್ನು. ಅದರ ಬೆನ್ನಿಗೇ ಇರೋದು ಕೈಯ ಚಲನೆಯ ಗಂಟು (ಕೈಯನ್ನು ನಡೆಸುವ ತೊಗಟೆಯ ಉಬ್ಬು), ಅಡ್ಡ ಸ್ಲೈಸ್‌ನಲ್ಲಿ ತಲೆಕೆಳಗಾದ ಒಮೆಗಾದ ಹಾಗೆ ಕಾಣುತ್ತಲ್ಲ, ಅದು. ಕೈ ಚಲನೆಯ ಎಫ್‌ಎಂಆರ್‌ಐ (ಕೈ ಆಡಿಸುವಾಗ ಮಿದುಳಿನ ಯಾವ ಜಾಗ ಕೆಲಸ ಮಾಡುತ್ತೆ ಅಂತ ತೋರಿಸೋದು) ಮತ್ತು ಚಲನಾ ನಾರುಗಳ ಟ್ರಾಕ್ಟೋಗ್ರಫಿ (ನಾರುಗಳ ಹಾದಿಯ ನಕ್ಷೆ) ಸೇರಿಸಿಯೇ ಮಾಡಿಸಿ.

ನ್ಯೂರೋಸರ್ಜನ್, ಬೆಂಗಳೂರು

ರೇಡಿಯಾಲಜಿಯವರು ಹೇಳಿದ ಜಾಗ ನಿಜವಾದರೆ ಕೈಗೆ ಹತ್ತಿರ ಹೌದು, ಕೈಯ ಮೇಲೇ ಅಲ್ಲ. ಆ ನಡುವಿನ ಕೆಲವು ಮಿಲಿಮೀಟರಿನಲ್ಲೇ ಈ ಆಪರೇಷನ್ನಿನ ಫಲ ನಿಂತಿರೋದು.

ಡಿಸ್‌ಪ್ಲೇಸಿಯಾ ಗೆಡ್ಡೆಯ ಹಾಗೆ ಪಕ್ಕದ ಅಂಗಾಂಶವನ್ನು ಒತ್ತಿ ಮೂರ್ಛೆ ತರೋದಲ್ಲ. ಅಲ್ಲಿನ ನರಕೋಶಗಳೇ ಹುಟ್ಟಿನಿಂದ ವಿಕಾರ, ತಾವೇ ಕಿಡಿ ಹಾರಿಸುತ್ತವೆ. ಎಷ್ಟೋ ಜನರಲ್ಲಿ ಭ್ರೂಣದ ಹಂತದಲ್ಲಿ ಒಂದೇ ಕೋಶದಲ್ಲಿ ಎಂಟಾರ್ ಎಂಬ ಬೆಳವಣಿಗೆಯ ಸರಪಳಿಯ ಜೀನ್ ಕೆಟ್ಟು, ಅದರ ಸಂತತಿಯೆಲ್ಲ ಹೀಗಾಗಿರುತ್ತೆ. ಆದ್ದರಿಂದ ‘ಬಹುಪಾಲು ತೆಗೆದಿದ್ದೇವೆ’ ಅನ್ನೋ ಮಾತಿಗೆ ಇಲ್ಲಿ ಬೆಲೆ ಇಲ್ಲ. ಉಳಿದ ಅರ್ಧ ಸೆಂ.ಮೀ ಸಾಕು ಮೂರ್ಛೆ ಮುಂದುವರಿಯೋಕೆ. ಎಂಆರ್‌ಐನಲ್ಲಿ ಚೆನ್ನಾಗಿ ಕಾಣುವ ಎರಡನೇ ಬಗೆಯನ್ನು ಪೂರ್ತಿ ತೆಗೆದರೆ ಹತ್ತರಲ್ಲಿ ಏಳು ಮಂದಿಯ ಸುಮಾರಿಗೆ ಮೂರ್ಛೆ ನಿಲ್ಲುತ್ತೆ. ಅರ್ಧಂಬರ್ಧವಾದರೆ ಆ ಲೆಕ್ಕ ಕುಸಿದುಹೋಗುತ್ತೆ.

ಟೇಬಲ್ಲಿನ ಮೇಲೆ ನಡೆಯೋದು ಹೀಗೆ. ನ್ಯಾವಿಗೇಶನ್ನಿಗೆ (ಆಪರೇಷನ್ ವೇಳೆ ಜಾಗ ತೋರಿಸುವ ಕಂಪ್ಯೂಟರಿಗೆ) ಎಂಆರ್‌ಐ, ಪೆಟ್, ಟ್ರಾಕ್ಟೋಗ್ರಫಿ ಮೂರನ್ನೂ ಒಂದರ ಮೇಲೊಂದು ಕೂಡಿಸಿ ಹಾಕ್ತೀವಿ. ಆದರೆ ಡ್ಯೂರಾ (ಮಿದುಳಿನ ಹೊರಪೊರೆ) ಬಿಚ್ಚಿದ ಕೂಡಲೇ ದ್ರವ ಸೋರಿ ಮಿದುಳು ಕೆಲವು ಮಿ.ಮೀ ಕುಸಿಯುತ್ತೆ, ನ್ಯಾವಿಗೇಶನ್ ಅಷ್ಟರ ಮಟ್ಟಿಗೆ ಸುಳ್ಳು ಹೇಳೋಕೆ ಶುರು ಮಾಡುತ್ತೆ. ಅದನ್ನು ತಿದ್ದೋಕೆ ಅಲ್ಟ್ರಾಸೌಂಡ್ ಬೇಕು. 2ಬಿ ಬಗೆ ಅದರಲ್ಲಿ ಬಿಳಿಯಾಗಿ ಹೊಳೆಯುತ್ತೆ. ಆಮೇಲೆ ತೊಗಟೆಯ ಮೇಲೆ ಎಲೆಕ್ಟ್ರೋಡ್ ಪಟ್ಟಿ ಇಟ್ಟು ಅಲೆ ನೋಡ್ತೀವಿ. ಚಲನೆಯ ಗಡಿ ಹುಡುಕೋಕೆ ಐದೈದು ಮಿಡಿತಗಳ ಗೊಂಚಲಿನಿಂದ ಪ್ರಚೋದಿಸಿ ಕೈ ಸ್ನಾಯುವಿನ ಉತ್ತರ ಅಳೀತೀವಿ. ಪಕ್ಕದಲ್ಲಿ ತಣ್ಣನೆಯ ರಿಂಗರ್ ದ್ರಾವಣ ಸಿದ್ಧವಿರಲೇಬೇಕು. ಪ್ರಚೋದನೆಯಿಂದಲೇ ಮೂರ್ಛೆ ಶುರುವಾದರೆ ತೊಗಟೆಯ ಮೇಲೆ ಅದನ್ನು ಸುರಿಯೋದೇ ಮೊದಲ ಉಪಾಯ.

ತೆಗೆಯೋದು ತೊಗಟೆಗೆ ಅಂಟಿದ ಪಿಯಾ ಪೊರೆಯ ಕೆಳಗಿನಿಂದ, ಅಲ್ಟ್ರಾಸಾನಿಕ್ ಆಸ್ಪಿರೇಟರನ್ನು (ಅಂಗಾಂಶವನ್ನು ಒಡೆದು ಹೀರುವ ಸಾಧನ) ಕಡಿಮೆ ಶಕ್ತಿಯಲ್ಲಿ ಇಟ್ಟು. ಪೊರೆ ಹರಿಯದಿದ್ದರೆ ಸಲ್ಕಸ್‌ನ ಆಚೆ ದಡದ ಮಡಿಕೆಯೂ ಅಲ್ಲಿ ಹಾದುಹೋಗುವ ರಕ್ತನಾಳವೂ ಉಳಿಯುತ್ತವೆ. ಕೈ ಹೋಗೋದು ಎಷ್ಟೋ ಸಲ ಚಾಕುವಿನಿಂದಲ್ಲ, ಹಾದುಹೋಗುವ ಸಣ್ಣ ಅಪಧಮನಿಯನ್ನು ಸುಟ್ಟಿದ್ದರಿಂದ, ಅಥವಾ ಮೇಲಿನ ದೊಡ್ಡ ಅಭಿಧಮನಿ ಮುಚ್ಚಿದ್ದರಿಂದ. ಆಳಕ್ಕೆ ಇಳಿದಂತೆ ಬಿಳಿ ದ್ರವ್ಯದಲ್ಲೂ ಪ್ರಚೋದಿಸುತ್ತಾ ಹೋಗಬೇಕು. 1 ಮಿಲಿಆಂಪಿಗೆ ಉತ್ತರ ಬಂದರೆ ಚಲನಾ ನಾರು ಸುಮಾರು 1 ಮಿ.ಮೀ ದೂರ ಅನ್ನೋ ಅಂದಾಜಿದೆ. 5ಕ್ಕೆ ಬಂದಾಗ ವೇಗ ಇಳಿಸ್ತೀವಿ, 3ರ ಹತ್ತಿರ ನಿಲ್ಲಿಸ್ತೀವಿ. ತೆಗೆದ ತುಂಡು ಇಡಿಯಾಗಿ ಪೆಥಾಲಜಿಗೆ ಹೋಗಬೇಕು. ಎಲ್ಲ ಹೀರಿ ಬಾಟಲಿಗೆ ಹಾಕಿದರೆ ಬಗೆ ಯಾವುದು ಅಂತ ಹೇಳೋಕೆ ಆಗದೆ ಮುಂದಿನ ಲೆಕ್ಕವೆಲ್ಲ ಊಹೆಯಾಗುತ್ತೆ.

ಕೈಯ ಬಗ್ಗೆ ಮನೆಯವರಿಗೆ ಹೀಗೆ ಹೇಳಬಹುದು. ಲೀಶನ್ (ದೋಷದ ಜಾಗ) ಮಧ್ಯರೇಖೆಯ ಕಡೆಗೆ ಹರಡಿದ್ದರೆ, ಚಲನೆ ಶುರು ಮಾಡೋಕೆ ನೆರವಾಗುವ ಸಪ್ಲಿಮೆಂಟರಿ ಮೋಟಾರ್ ಭಾಗಕ್ಕೂ ಪೆಟ್ಟಾಗಿ, ಮೊದಲ ಕೆಲವು ದಿನ ಬಲಗಡೆ ಪೂರ್ತಿ ಸೋತಂತೆ, ಮಾತೂ ನಿಂತಂತೆ ಆಗಬಹುದು. ಅದು ವಾರಗಳಲ್ಲಿ ಮರಳುತ್ತೆ. ಮೊದಲೇ ಹೇಳದಿದ್ದರೆ ಆ ದಿನಗಳಲ್ಲಿ ಅವರ ಜೀವವೇ ಹೋದಂತಾಗುತ್ತೆ. ಬೆರಳುಗಳ ಸೂಕ್ಷ್ಮ ಕೆಲಸದಲ್ಲಿ ಸ್ವಲ್ಪ ನಿಧಾನ ಉಳಿಯುವ ಸಾಧ್ಯತೆಯನ್ನು ಮುಚ್ಚಿಡಬಾರದು.

ಮಿದುಳಿನೊಳಗೆ ಇಳಿಸುವ ಎಲೆಕ್ಟ್ರೋಡ್, ಅಂದರೆ ಎಸ್‌ಇಇಜಿ, ಇವನಿಗೆ ಬೇಕಾಗಲಾರದು ಅಂತ ನನ್ನ ಅಭಿಪ್ರಾಯ. ವಿಡಿಯೋ, ಇಇಜಿ, ಎಂಆರ್‌ಐ, ಪೆಟ್ ನಾಲ್ಕೂ ಒಂದೇ ಜಾಗ ತೋರಿಸಿದರೆ ನೇರ ಹೋಗಬಹುದು.

ಮೂರ್ಛೆ ತಜ್ಞೆ, ವಿಡಿಯೋ ಇಇಜಿ ವಿಭಾಗ

ಇಲ್ಲಿ ನನಗೆ ಸ್ವಲ್ಪ ಭಿನ್ನಾಭಿಪ್ರಾಯ ಇದೆ. ಕೈಯ ಗಂಟಿಗೆ ಇಷ್ಟು ಹತ್ತಿರ ಇದ್ದಾಗ, ಎಂಆರ್‌ಐ ಗಡಿ ಒಂದು ಕಡೆ ಮಸುಕಾಗಿದ್ದರೂ, ನಾನು ಎಸ್‌ಇಇಜಿ ಕೇಳ್ತೀನಿ. 0.8 ಮಿ.ಮೀ ದಪ್ಪದ ಎಲೆಕ್ಟ್ರೋಡುಗಳು, ಒಂದೊಂದರಲ್ಲೂ 2 ಮಿ.ಮೀ ಉದ್ದದ ಸಂಪರ್ಕಗಳು, ನಡುವೆ 1.5 ಮಿ.ಮೀ ಅಂತರ. ಏಳೆಂಟು ಹಾಕಿದರೂ ಲೀಶನ್, ಅದರ ಹಿಂದಂಚು, ಕೈಯ ಭಾಗ, ಮಧ್ಯರೇಖೆ ಎಲ್ಲ ಸಿಗುತ್ತೆ. ಮೂರ್ಛೆ ಯಾವ ಸಂಪರ್ಕದಲ್ಲಿ ಹುಟ್ಟುತ್ತೆ, ಯಾವುದನ್ನು ಪ್ರಚೋದಿಸಿದರೆ ಬೆರಳು ಅಲುಗುತ್ತೆ ಅನ್ನೋದನ್ನು ವಾರ್ಡಿನಲ್ಲಿ ಮಗು ಎಚ್ಚರವಿದ್ದಾಗಲೇ ತಿಳಿಯಬಹುದು. ಟೇಬಲ್ಲಿನ ಮೇಲಿನ ಹದಿನೈದು ನಿಮಿಷದ ರೆಕಾರ್ಡಿಂಗಿಗೆ ಅರಿವಳಿಕೆಯ ಮಬ್ಬು ಇರುತ್ತೆ. ರಕ್ತಸ್ರಾವದ ಅಪಾಯ ನೂರರಲ್ಲಿ ಒಂದರ ಆಸುಪಾಸು. ಅದು ಸಣ್ಣದಲ್ಲ, ಗೊತ್ತು. ಆದರೆ ಹಿಂದಂಚು ಬಿಟ್ಟು ಬಂದು ಎರಡನೇ ಸಲ ತೆರೆಯೋದಕ್ಕಿಂತ ಮೇಲು. ಅದೇ ಎಲೆಕ್ಟ್ರೋಡಿನ ಮೂಲಕ ತೆಗೆಯುವ ಮೊದಲು ಆ ಜಾಗವನ್ನು ಬಿಸಿ ಮಾಡಿ ಸುಡಲೂ ಬಹುದು. ಅದರಿಂದ ಕೆಲವು ತಿಂಗಳಾದರೂ ಮೂರ್ಛೆ ನಿಂತರೆ ಜಾಗ ಸರಿ ಅನ್ನೋದಕ್ಕೆ ಒಳ್ಳೆ ಸಾಕ್ಷಿ.

ಮಕ್ಕಳ ವೈದ್ಯ, ಹಾಸನ

ತುಂಬ ಉಪಕಾರ. ವಾಲ್‌ಪ್ರೊಯೇಟ್ ಪ್ರಶ್ನೆ ಉಳಿಯಿತು. ಜೊತೆಗೆ ಇನ್ನೊಂದು ಮಗು: 10 ತಿಂಗಳು, 8 ಕೆಜಿ, ಬಲ ಹೆಮಿಮೆಗಾಲೆನ್ಸೆಫಲಿ (ಮಿದುಳಿನ ಬಲ ಅರ್ಧ ವಿಕಾರವಾಗಿ, ಅತಿಯಾಗಿ ಬೆಳೆದಿರೋದು). ದಿನಕ್ಕೆ ನೂರರಷ್ಟು ಮೂರ್ಛೆ, ಎಡಗೈ ಬಳಕೆ ಆಗಲೇ ಕಡಿಮೆ. ‘ಇನ್ನಷ್ಟು ದೊಡ್ಡದಾಗಲಿ, ಆಮೇಲೆ ನೋಡೋಣ’ ಅಂತ ಒಂದು ಕಡೆ ಹೇಳಿದ್ದಾರಂತೆ. ಕಾಯೋದು ಸರಿಯಾ?

ಅರಿವಳಿಕೆ ವೈದ್ಯೆ

ವಾಲ್‌ಪ್ರೊಯೇಟ್ ಪ್ಲೇಟ್‌ಲೆಟ್ ಸಂಖ್ಯೆಯನ್ನೂ ಅವುಗಳ ಕೆಲಸವನ್ನೂ ಇಳಿಸಬಹುದು, ರಕ್ತ ಹೆಪ್ಪುಗಟ್ಟಲು ಬೇಕಾದ ಫೈಬ್ರಿನೋಜನ್ ಮತ್ತು ವಾನ್ ವಿಲ್ಲೆಬ್ರಾಂಡ್ ಅಂಶವನ್ನೂ ಕಡಿಮೆ ಮಾಡಬಹುದು. ಪ್ರಮಾಣ ಹೆಚ್ಚಿದಷ್ಟೂ ಹೆಚ್ಚು. ಕೆಲವು ಕೇಂದ್ರಗಳು ಕೆಲವು ವಾರ ಮೊದಲೇ ಇಳಿಸಿ ನಿಲ್ಲಿಸುತ್ತವೆ, ಕೆಲವು ರಕ್ತ ಪರೀಕ್ಷೆ ಸರಿಯಿದ್ದರೆ ಮುಂದುವರಿಸುತ್ತವೆ. ನಾನು ನಿಲ್ಲಿಸುವ ಪಕ್ಷ, ಅದರಲ್ಲೂ ನಾಲ್ಕರಲ್ಲಿ ಕೆಲಸ ಮಾಡದ ಒಂದು ಅದಾಗಿರುವಾಗ. ಆದರೆ ಹಾಸನದಲ್ಲಿ ನೀವೇ ನಿಲ್ಲಿಸಬೇಡಿ ಸರ್. ದಿನಾಂಕ ಗೊತ್ತಾದ ಮೇಲೆ ಕೇಂದ್ರದವರು ಹೇಳುವ ವೇಗದಲ್ಲಿ ಇಳಿಸಿ.

ಇನ್ನೆರಡು ವಿಷಯ ಹೆಚ್ಚಾಗಿ ಮರೆತುಹೋಗುತ್ತವೆ. ಆಕ್ಸ್‌ಕಾರ್ಬಜೆಪಿನ್ ಸೋಡಿಯಂ ಇಳಿಸುತ್ತೆ, ತಲೆಯ ಆಪರೇಷನ್ ಆದ ಮೇಲೆ ದೇಹ ನೀರು ಹಿಡಿದುಕೊಂಡು ಇನ್ನೂ ಇಳಿಯುತ್ತೆ. ಮೊದಲೂ ಆಮೇಲೆ ದಿನಾ ಸೋಡಿಯಂ ನೋಡಬೇಕು, ಡೆಕ್ಸ್‌ಟ್ರೋಸ್ ಮಾತ್ರ ಇರುವ ತೆಳು ದ್ರವ ಹನಿಸಬಾರದು. ಸೋಡಿಯಂ ಇಳಿದು ಬಂದ ಮೂರ್ಛೆಯನ್ನು ‘ಆಪರೇಷನ್ ಸೋತಿತು’ ಅಂತ ಓದಿಬಿಟ್ಟರೆ ಎಲ್ಲರ ಧೈರ್ಯವೂ ಕುಗ್ಗುತ್ತೆ. ಎರಡನೆಯದು, ಆ ದಿನ ಬೆಳಗಿನ ಔಷಧಿ ತಪ್ಪಬಾರದು, ಒಂದು ಗುಟುಕು ನೀರಿನಲ್ಲಿ ಕೊಡಬೇಕು. ಆಮೇಲೆ ನುಂಗಲಾಗದಿದ್ದರೆ ಲೆವೆಟಿರಾಸಿಟಮ್ ಅದೇ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡಬಹುದು. ಆಕ್ಸ್‌ಕಾರ್ಬಜೆಪಿನ್, ಕ್ಲೋಬಜಾಮ್‌ಗೆ ಇಲ್ಲಿ ಚುಚ್ಚುಮದ್ದು ಇಲ್ಲ, ಮೂಗಿನ ನಳಿಕೆಯಲ್ಲಿ ಹೋಗಬೇಕು. ಆಕ್ಸ್‌ಕಾರ್ಬಜೆಪಿನ್ ಸಿರಪ್ ಮೊದಲೇ ತರಿಸಿಡಿ.

8 ಕೆಜಿ ಮಗುವಿನ ಬಗ್ಗೆ: ಮೈಯಲ್ಲಿರೋ ರಕ್ತವೇ ಸುಮಾರು 640 ಮಿ.ಲೀ, ಕೆಜಿಗೆ 80ರ ಲೆಕ್ಕ. ಹೆಮಿಮೆಗಾಲೆನ್ಸೆಫಲಿಯ ಮಿದುಳು ದಪ್ಪ, ರಕ್ತನಾಳಗಳು ಅಸಹಜ, ಅರ್ಧದಷ್ಟು ರಕ್ತ ಹೋಗೋದು ಅಪರೂಪವಲ್ಲ. ಹೊಂದಿಸಿದ ರಕ್ತ, ಪ್ಲಾಸ್ಮಾ, ಪ್ಲೇಟ್‌ಲೆಟ್ ಮೂರೂ ಕೋಣೆಯಲ್ಲೇ ಇರಬೇಕು, ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಶುರುವಿನಿಂದ, ಅಪಧಮನಿಗೆ ಒಂದು ಲೈನ್, ಬೆಚ್ಚಗಿನ ಹಾಸಿಗೆ. ಇಷ್ಟಿಲ್ಲದ ಕಡೆ ಈ ಆಪರೇಷನ್ ಮಾಡಬಾರದು. ‘ದೊಡ್ಡದಾಗಲಿ’ ಎಂದವರ ಮನಸ್ಸಿನಲ್ಲಿ ಇದೇ ಭಯ ಇದ್ದಿರಬೇಕು, ಅದರಲ್ಲಿ ಹುರುಳಿಲ್ಲದೆ ಇಲ್ಲ.

ನ್ಯೂರೋಸರ್ಜನ್, ಬೆಂಗಳೂರು

ಭಯದಲ್ಲಿ ಹುರುಳಿದೆ, ಆದರೆ ಉತ್ತರ ಕಾಯೋದಲ್ಲ. ಆ ವ್ಯವಸ್ಥೆ ಇರುವ ಕೇಂದ್ರಕ್ಕೆ ಈ ವಾರವೇ ಕಳಿಸೋದು. ದಿನಕ್ಕೆ ನೂರು ಮೂರ್ಛೆ ಬಂದರೆ ಬಲಗಡೆಯ ಕೆಟ್ಟ ಅರ್ಧವೊಂದೇ ಅಲ್ಲ, ಎಡಗಡೆಯ ಒಳ್ಳೆಯ ಅರ್ಧವೂ ಕಲಿಯೋದು ನಿಲ್ಲಿಸುತ್ತೆ. ಮೊದಲು ನೋಡಬೇಕಾದದ್ದೇ ಆ ಒಳ್ಳೆಯ ಅರ್ಧ: ಎಂಆರ್‌ಐನಲ್ಲಿ ಅಲ್ಲೂ ಸಣ್ಣ ದೋಷವಿದೆಯಾ, ಇಇಜಿಯಲ್ಲಿ ಅಲ್ಲಿಂದಲೂ ಸ್ವತಂತ್ರವಾಗಿ ಮೂರ್ಛೆ ಹುಟ್ಟುತ್ತಾ. ಹುಟ್ಟುತ್ತಿದ್ದರೆ ಫಲ ತಗ್ಗುತ್ತೆ.

ಹೆಮಿಸ್ಫೆರೊಟಮಿಯಲ್ಲಿ ಅರ್ಧ ಮಿದುಳನ್ನು ಹೊರಗೆ ತೆಗೆಯೋದಿಲ್ಲ, ಸಂಪರ್ಕ ಕಡಿಯೋದು. ಕಾರ್ಪಸ್ ಕ್ಯಾಲೋಸಮ್ (ಎರಡು ಅರ್ಧಗಳನ್ನು ಬೆಸೆಯುವ ನಾರುಗಳು), ಮುಂದಿನ ತಳಭಾಗ, ಟೆಂಪೊರಲ್ ಒಳಭಾಗ, ಚಲನಾ ನಾರುಗಳು, ನಾಲ್ಕೂ ಪೂರ್ತಿ ತುಂಡಾಗಬೇಕು. ಮೂರ್ಛೆ ನಿಲ್ಲದಿದ್ದರೆ ಹೆಚ್ಚಾಗಿ ಸಿಗುವ ತಪ್ಪು ಮುಂದಿನ ತಳಭಾಗದಲ್ಲಿ ಬಿಟ್ಟುಹೋದ ಸೇತುವೆ, ಅಥವಾ ಉಳಿದ ಇನ್ಸುಲಾ (ಒಳಗೆ ಮಡಚಿಕೊಂಡ ತೊಗಟೆ). ಹೆಮಿಮೆಗಾಲೆನ್ಸೆಫಲಿಯಲ್ಲಿ ಅಂಗರಚನೆಯೇ ಕಲಸಿಹೋಗಿರೋದರಿಂದ ಈ ತಪ್ಪು ಇನ್ನೂ ಹೆಚ್ಚು. ಪೋಷಕರಿಗೆ ಮೊದಲೇ ಹೇಳಿ: ಎಡಗಡೆಯ ಅರ್ಧ ನೋಟ ಹೋಗೋದು ಖಚಿತ, ಎಡಗೈಯ ಬೆರಳ ಹಿಡಿತ ಬರೋದಿಲ್ಲ, ನಡಿಗೆ ಮಾತ್ರ ಹೆಚ್ಚಿನ ಮಕ್ಕಳಿಗೆ ಬರುತ್ತೆ. ತಿಂಗಳುಗಳೋ ವರ್ಷಗಳೋ ಆದ ಮೇಲೆ ತಲೆಯಲ್ಲಿ ನೀರು ತುಂಬಬಹುದು. ವಾಂತಿ, ಮಂಕು, ನಿಂತಿದ್ದ ಮೂರ್ಛೆ ಮರಳೋದು ಕಂಡರೆ ಅದೇ ದಿನ ಸಿಟಿ ಸ್ಕ್ಯಾನ್. ಊರಿನ ವೈದ್ಯರಾಗಿ ಅದನ್ನು ಹಿಡಿಯಬೇಕಾದವರು ನೀವೇ.

ಉಳಿದ ವಿರೂಪಗಳಿಗೆ ಒಂದೇ ಅಳತೆ ಹಿಡಿಯೋ ಹಾಗಿಲ್ಲ. ಟ್ಯೂಬರಸ್ ಸ್ಕ್ಲೆರೋಸಿಸ್‌ನಲ್ಲಿ ಹತ್ತಾರು ಟ್ಯೂಬರ್ (ತೊಗಟೆಯ ಗಂಟು) ಇದ್ದರೂ ಮೂರ್ಛೆ ಒಂದೆರಡರಿಂದಲೇ ಬರುತ್ತಿರಬಹುದು, ಅದು ದೊಡ್ಡದೇ ಆಗಿರಬೇಕಿಲ್ಲ. ಪಾಲಿಮೈಕ್ರೊಗೈರಿಯ (ಅತಿ ಸಣ್ಣ, ಅತಿ ಹೆಚ್ಚು ಮಡಿಕೆಗಳ) ವಿಕಾರ ತೊಗಟೆ ಕೈ, ಮಾತಿನ ಕೆಲಸವನ್ನೂ ಮಾಡುತ್ತಿರುತ್ತೆ, ನೋಡಿದ್ದನ್ನೆಲ್ಲ ತೆಗೆಯೋಕಾಗೋದಿಲ್ಲ. ವೆಂಟ್ರಿಕಲ್ ಪಕ್ಕದ ಹೆಟೆರೊಟೋಪಿಯಾ (ತಪ್ಪು ಜಾಗದಲ್ಲಿ ಉಳಿದ ಬೂದು ದ್ರವ್ಯ) ಗಂಟುಗಳಿಗೆ, ಹೈಪೊಥಲಾಮಿಕ್ ಹಮಾರ್ಟೋಮಾಕ್ಕೆ (ಮಿದುಳಿನ ತಳದ ಹುಟ್ಟು ಗಂಟಿಗೆ) ತೆರೆಯೋದಕ್ಕಿಂತ ಒಳಗಿಂದ ಸುಡೋದು, ಲೇಸರ್ ಅಥವಾ ರೇಡಿಯೋ ಆವರ್ತನ, ವಾಸಿ. ಇಡೀ ಮಿದುಳಿಗೆ ಹಬ್ಬಿದ ಡಬಲ್ ಕಾರ್ಟೆಕ್ಸ್‌ನಲ್ಲಿ (ತೊಗಟೆಯ ಕೆಳಗೆ ಇನ್ನೊಂದು ತೊಗಟೆಯಂಥ ಪದರ) ಒಂದು ತುಂಡು ತೆಗೆದು ಪ್ರಯೋಜನವಿಲ್ಲ. ಧೊಪ್ಪನೆ ಬೀಳುವ ಮೂರ್ಛೆಗೆ ಕ್ಯಾಲೋಸಮ್ ಕಡಿಯೋದು, ಅಥವಾ ವೇಗಸ್ ನರದ ಪ್ರಚೋದಕ. ಅವು ತಗ್ಗಿಸುವ ಚಿಕಿತ್ಸೆ, ನಿಲ್ಲಿಸುವುದು ಅಪರೂಪ.

ಮೂರ್ಛೆ ತಜ್ಞೆ, ವಿಡಿಯೋ ಇಇಜಿ ವಿಭಾಗ

ಭರವಸೆಯ ಪ್ರಶ್ನೆಗೆ ಕೊನೆಗೆ ಬರ್ತೀನಿ. ದೆಹಲಿಯ ಏಮ್ಸ್‌ನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಔಷಧಿಗೆ ಬಗ್ಗದ 116 ಮಕ್ಕಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ವರ್ಷಕ್ಕೆ ಆಪರೇಷನ್ ಆದವರಲ್ಲಿ ಶೇ 77 ಮಕ್ಕಳಿಗೆ ಮೂರ್ಛೆ ನಿಂತಿತ್ತು, ಔಷಧಿಯಲ್ಲೇ ಉಳಿದವರಲ್ಲಿ ಶೇ 7. ಅದರಲ್ಲಿ ಬೇರೆ ಬೇರೆ ಕಾರಣಗಳ ಮಕ್ಕಳಿದ್ದರು, ಹಾಗಾಗಿ ಈ ಹುಡುಗನಿಗೆ 77 ಅಂತ ಬರೆದುಕೊಡಬೇಡಿ. ಆದರೆ ‘ಮಂಕಾಗುತ್ತೆ’ ಅನ್ನೋ ಭಯಕ್ಕೆ ಅದೇ ಅಧ್ಯಯನ ಉತ್ತರ: ನಡವಳಿಕೆ ಮತ್ತು ಜೀವನದ ಗುಣಮಟ್ಟ ಆಪರೇಷನ್ ಆದವರಲ್ಲೇ ಉತ್ತಮವಾಗಿತ್ತು. ಮಗುವನ್ನು ಮಂಕು ಮಾಡುತ್ತಿರೋದು ದಿನಾ ರಾತ್ರಿ ಒಡೆಯುವ ನಿದ್ದೆ ಮತ್ತು ನಾಲ್ಕು ಔಷಧಿ. ಹೋಲಿಕೆ ಮಾಡೋದಾದರೆ ಆಪರೇಷನ್ ಅಪಾಯವನ್ನು ‘ಏನೂ ಮಾಡದಿದ್ದರೆ’ ಇರುವ ಅಪಾಯದ ಜೊತೆಗೇ ಮಾಡಬೇಕು. ಮೂರ್ಛೆರೋಗಿಗಳ ಹಠಾತ್ ಸಾವು ಮಕ್ಕಳಲ್ಲಿ ವರ್ಷಕ್ಕೆ 4500ಕ್ಕೆ ಒಂದು, ದೊಡ್ಡವರಲ್ಲಿ 1000ಕ್ಕೆ ಒಂದು. ರಾತ್ರಿಯಲ್ಲಿ ಮೈಯೆಲ್ಲ ಬಡಿಯುವ ದೊಡ್ಡ ಮೂರ್ಛೆ ನಿಲ್ಲದವರಲ್ಲಿ ಹೆಚ್ಚು.

ಆಪರೇಷನ್ ಆದ ಮೇಲೆ ನಿಮ್ಮ ಕೈಗೆ ಮರಳುವಾಗ: ಮೊದಲ ವಾರದ ಒಂದೆರಡು ಮೂರ್ಛೆಯಿಂದಲೇ ಸೋಲು ಅನ್ನಬೇಡಿ. ಆದರೆ ಅವು ಹಳೆಯ ಥರದವೇ, ಬಲಗೈ ಬಿಗಿಯೋದೇ ಆಗಿದ್ದರೆ ನಮಗೆ ಆವತ್ತೇ ತಿಳಿಸಿ. ಔಷಧಿಗಳನ್ನು ಕನಿಷ್ಠ ಆರು ತಿಂಗಳಿಂದ ಒಂದು ವರ್ಷ ಮುಟ್ಟಬಾರದು. ಮೂರನೇ ತಿಂಗಳ ಎಂಆರ್‌ಐನಲ್ಲಿ ಅಂಚು ಉಳಿದಿಲ್ಲ ಅಂತ ಖಚಿತವಾದ ಮೇಲೆ, ಒಂದೊಂದಾಗಿ. ಮೂರ್ಛೆ ನಿಂತ ಖುಷಿಯಲ್ಲಿ ಮನೆಯವರೇ ಮಾತ್ರೆ ಬಿಡಿಸಿ, ಎರಡನೇ ತಿಂಗಳಲ್ಲಿ ದೊಡ್ಡ ಮೂರ್ಛೆಯೊಂದಿಗೆ ಬರೋದು ತಪ್ಪಿಸಬಹುದಾದ ಅನಾಹುತ. ಒಂದು ವೇಳೆ ನಿಲ್ಲದೇ ಹೋದರೆ, ಅಂಚು ಉಳಿದದ್ದು ಕಂಡರೆ, ಎರಡನೇ ಆಪರೇಷನ್ನಿಗೂ ಫಲ ಇದೆ. ಮತ್ತೆ ಐದನೇ ಔಷಧಿಗೆ ಹೋಗುವ ಮೊದಲು ಆ ಎಂಆರ್‌ಐ ನಮಗೆ ಕಳಿಸಿ.

ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ, ಎರಡರಲ್ಲೂ ಈ ಚಿಕಿತ್ಸೆಯ ಪೂರ್ಣ ವ್ಯವಸ್ಥೆ ಇದೆ. ಸರದಿ ಉದ್ದ ಇರೋದರಿಂದಲೇ ಹೆಸರು ಬೇಗ ಬರೆಸಬೇಕು. ಹೆಮಿಮೆಗಾಲೆನ್ಸೆಫಲಿ ಮಗುವಿನ ಪತ್ರದ ಮೇಲ್ತುದಿಯಲ್ಲಿ ‘ದಿನಕ್ಕೆ 100 ಮೂರ್ಛೆ, 10 ತಿಂಗಳು’ ಅಂತ ಕೆಂಪು ಶಾಯಿಯಲ್ಲಿ ಬರೆದು, ಕಳಿಸುವ ಮುನ್ನ ಫೋನ್ ಮಾಡಿ ಹೇಳಿ. ಆ ಮಗು ಸರದಿಯಲ್ಲಿ ಕಾಯೋ ಹಾಗಿಲ್ಲ.

ಮಕ್ಕಳ ವೈದ್ಯ, ಹಾಸನ

ಚಿಕ್ಕ ಮಗುವಿನ ಪತ್ರ ಇವತ್ತೇ ಬರೀತೀನಿ. ಹುಡುಗನ ತಂದೆಗೆ ರಾತ್ರಿ ವಿಡಿಯೋ ಹೇಗೆ ತೆಗೀಬೇಕು ಅಂತ ಹೇಳಿಕೊಟ್ಟು, ಔಷಧಿಗಳ ಹಾಳೆ, ಪೆನ್‌ಡ್ರೈವ್ ಸೇರಿಸಿ ಸೋಮವಾರ ಕಳಿಸ್ತೀನಿ. ವಾಲ್‌ಪ್ರೊಯೇಟ್ ಮುಟ್ಟೋದಿಲ್ಲ. ಪ್ಲೇಟ್‌ಲೆಟ್, ಸೋಡಿಯಂ ಎರಡೂ ಮಾಡಿಸಿ ಫೈಲಿಗೆ ಹಾಕ್ತೀನಿ.